ಹಳೇ ಜೆನ್‌ಗೆ ಆಕ್ಸಲ್ ಹಾಕ್ಸ್ಬೇಕು: ಹೊಸದಾ, ರೀಕಂಡೀಷನ್ನಾ, ಗುಜರಿದಾ?

ಆಲ್ದೂರು ಜೆನ್:
ಎಲ್ರಿಗೂ ನಮಸ್ಕಾರ. ನಂದು 2003ರ ಮಾರುತಿ ಜೆನ್, ಪೆಟ್ರೋಲು, 1 ಲಕ್ಷದ 38 ಸಾವಿರ ಓಡಿದೆ. ಅಪ್ಪ ತಗೊಂಡಿದ್ದ ಗಾಡಿ, ಮಾರೋ ಮನಸ್ಸಿಲ್ಲ, ಆರ್‌ಸಿನೂ 2028ರ ತನಕ ಇದೆ. ಒಂದು ತಿಂಗ್ಳಿಂದ ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ರೆ ಎಡಗಡೆ ಮುಂದಿನ ಚಕ್ರದ ಹತ್ರ ಕಟ ಕಟ ಕಟ ಅಂತ ಶಬ್ದ, ಮೊನ್ನೆ ನೆಂಟ್ರನ್ನ ಕೂರಿಸ್ಕೊಂಡು ಮುಳ್ಳಯ್ಯನಗಿರಿಗೆ ಹೋದಾಗ ಕೈಮರ ದಾಟಿದ ಮೇಲೆ ಪ್ರತಿ ತಿರುವಲ್ಲೂ ಅದೇ ತಾಳ, ಹಿಂದೆ ಕೂತಿದ್ದ ಅತ್ತೆ "ಚಕ್ರ ಬಿದ್ಹೋಗಲ್ವೇನೋ" ಅಂತ ಕೇಳ್ತಾನೇ ಇದ್ರು. ಬಗ್ಗಿ ನೋಡಿದ್ರೆ ಆಕ್ಸಲ್ ಜಾಯಿಂಟ್ ಮುಚ್ಚೋ ರಬ್ಬರ್ ಬೂಟ್ ಹರಿದಿದೆ, ಗ್ರೀಸೆಲ್ಲ ರಿಮ್ ಒಳಗೆ ಎರಚ್ಕೊಂಡು ಅದ್ರ ಮೇಲೆ ತೋಟದ ಕೆಂಪು ಮಣ್ಣು ಮೆತ್ಕೊಂಡಿದೆ.
ಮೆಕ್ಯಾನಿಕ್ ಪೂರ್ತಿ ಹೊಸ ಆಕ್ಸಲ್ ಹಾಕ್ಸಿ ಅಂತಾನೆ, ಆದ್ರೆ ಸಿಗ್ತಿರೋದು ಹೆಸರೇ ಕೇಳಿರದ ಲೋಕಲ್ ಮಾಲು. ಟೌನಲ್ಲಿ ಒಬ್ರು ಹಳೇದು ಕೊಟ್ಟು ರೀಕಂಡೀಷನ್ ಮಾಡಿದ್ದು ತಗೊಳ್ಳಿ ಅಂದ್ರು. ಬೆಂಗ್ಳೂರಲ್ಲಿರೋ ತಮ್ಮ ಶಿವಾಜಿನಗರದ ಗುಜರೀಲಿ ಒರಿಜಿನಲ್ ಸಿಗುತ್ತೆ, ಅರ್ಧ ರೇಟು ಅಂತಾನೆ. ಏನ್ಮಾಡ್ಲಿ?

ಗ್ರೀಸ್ ಕೈ, ಹಾಸನ:
ಸಾರ್ ಮೊದ್ಲು ಯಾವ್ದು ಹೋಗಿದೆ ಅಂತ ನೋಡಿ. ತಿರುವಲ್ಲಿ ಮಾತ್ರ ಕಟ ಕಟ ಅಂದ್ರೆ ಚಕ್ರದ ಕಡೆ ಇರೋ ಹೊರಗಿನ ಜಾಯಿಂಟು, ಅಂದ್ರೆ ಆಕ್ಸಲ್ ತುದೀಲಿ ಸ್ಟೀಲ್ ಬಾಲ್ ಮೇಲೆ ತಿರುಗೋ ಕೀಲು. ನೇರ ರೋಡಲ್ಲಿ ಎಳೆಯುವಾಗ ಗಾಡಿ ನಡುಗಿದ್ರೆ ಗೇರ್‌ಬಾಕ್ಸ್ ಕಡೆ ಒಳಗಿಂದು. ಸ್ಪೀಡ್ ಹೆಚ್ಚಿದಂಗೆಲ್ಲ ಗುಂಯ್ ಅಂತ ಒಂದೇ ಸಮ ಬಂದ್ರೆ ವೀಲ್ ಬೇರಿಂಗು, ಆಗ ಆಕ್ಸಲ್ ತಂಟೆಗೇ ಹೋಗ್ಬೇಡಿ.
ನೀವು ಹೇಳೋದು ನೋಡಿದ್ರೆ ಹೊರಗಿಂದೇ. ಅಷ್ಟಕ್ಕೆ ಪೂರ್ತಿ ಆಕ್ಸಲ್ ಯಾಕೆ ಬಿಸಾಕ್ತೀರಾ? ಗಾಡಿ ಜೊತೆ ಬಂದ ಶಾಫ್ಟ್ (ಆಕ್ಸಲ್ ಸರಳು) ಇಟ್ಕೊಂಡು ಹೊರಗಿನ ಜಾಯಿಂಟ್ ಕಿಟ್ ಮಾತ್ರ ಒಳ್ಳೆ ಕಂಪ್ನಿದು ಹಾಕ್ಸಿ, ಬೂಟು, ಗ್ರೀಸು, ಕ್ಲಿಪ್ಪು ಎಲ್ಲ ಅದ್ರಲ್ಲೇ ಬರುತ್ತೆ. ಹೆಸರಿಲ್ಲದ ಹೊಸ ಆಕ್ಸಲ್ ಹಾಕಿ ವರ್ಷದೊಳಗೆ ಬೂಟ್ ಬಿರುಕು ಬಿಟ್ಟು ವಾಪಸ್ ಬಂದಿರೋ ಗಾಡಿ ನಾನೇ ಬಿಚ್ಚಿದೀನಿ, ಹೊಸದು ಅನ್ನೋ ಒಂದೇ ಕಾರಣಕ್ಕೆ ನಂಬೋಕಾಗಲ್ಲ.
ರೀಕಂಡೀಷನ್ ಬಗ್ಗೆ ಹೇಳ್ಬೇಕಂದ್ರೆ, ಸರಿಯಾಗಿ ಮಾಡೋದಾದ್ರೆ ಜಾಯಿಂಟ್ ಪೂರ್ತಿ ಬಿಚ್ಚಿ, ಬಾಲ್ ಓಡೋ ಗ್ರೂವ್ ಗ್ರೈಂಡ್ ಮಾಡಿ, ಸ್ವಲ್ಪ ದಪ್ಪ ಬಾಲ್ ಹಾಕ್ಬೇಕು. ಆ ಗ್ರೂವ್ ಮೇಲೆ ಗಟ್ಟಿ ಪದರ ಒಂದಿರುತ್ತೆ, ಜಾಸ್ತಿ ತೆಗೆದ್ರೆ ಒಳಗಿನ ಮೆತ್ತನೆ ಕಬ್ಬಿಣದ ಮೇಲೆ ಬಾಲ್ ಓಡುತ್ತೆ, ಬೇಗ ಗುಂಡಿ ಬೀಳುತ್ತೆ. ನಾನು ನೋಡಿರೋ ಎಷ್ಟೋ ರೀಕಂಡೀಷನ್ ಮಾಲು ಡೀಸೆಲಲ್ಲಿ ತೊಳ್ದು, ಗ್ರೀಸ್ ತುಂಬಿ, ಕಪ್ಪು ಪೇಂಟ್ ಹೊಡ್ದಿದ್ದು ಅಷ್ಟೇ. ಬಾಲ್ ಬದ್ಲಾಯ್ಸಿದೀರಾ ಅಂತ ಕೇಳಿ ನೋಡಿ, ಮಾತು ಬೇರೆ ಕಡೆ ತಿರುಗುತ್ತೆ.

ಮೂಡಿಗೆರೆ ಜೀಪು:
ಎಂತ ಮಾರಾಯ್ರೆ, ನಾನಂತೂ ಗುಜರಿದೇ ಹಾಕಿದ್ದು, ನಾಲ್ಕು ವರ್ಷ ಆಯ್ತು, ಚಾರ್ಮಾಡಿ ಹತ್ತಿ ಇಳಿದು ಎಂತದೂ ಆಗಿಲ್ಲ. ಸುಮ್ನೆ ದುಡ್ಡು ಯಾಕೆ ಹಾಕ್ತೀರಿ.

ಗ್ರೀಸ್ ಕೈ, ಹಾಸನ:
ಅಣ್ಣ ನಿಮ್ದು ಜೀಪು, ಹಿಂದಿನ ಆಕ್ಸಲ್ ತಾನೆ? ಅದು ಗಟ್ಟಿ ಸ್ಟೀಲ್ ಸರಳು, ಹಲ್ಲು ತಿರುಚಿಲ್ಲ, ಬೇರಿಂಗ್ ಕೂರೋ ಜಾಗ ಸವೆದಿಲ್ಲ ಅಂದ್ರೆ ಗುಜರಿದು ಧಾರಾಳವಾಗಿ ಹಾಕ್ಬೋದು. ಜೆನ್ ಫ್ರಂಟ್ ವೀಲ್ ಡ್ರೈವ್, ಅದ್ರ ಶಾಫ್ಟಲ್ಲಿ ಸವೆಯೋದೇ ಜಾಯಿಂಟು, ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಜೆನ್ ಅವ್ರೇ, ಗುಜರಿದೇ ತಗೊಳ್ಳೋದಾದ್ರೆ ಬೂಟ್ ಬಿಚ್ಚಿ ತೋರ್ಸು ಅನ್ನಿ. ಗ್ರೀಸ್ ಬೆರಳಿಗೆ ಹಚ್ಚಿ ಉಜ್ಜಿ, ಮರಳು ಥರ ಕರ ಕರ ಅಂದ್ರೆ ಬಿಟ್ಬಿಡಿ. ಬರೀ ಕಪ್ಪಗಿದ್ರೆ ಗಾಬರಿ ಬೇಡ, ಆ ಗ್ರೀಸ್ ಬಣ್ಣಾನೇ ಅದು. ಎಡ ಬಲ ಉದ್ದ ಬೇರೆ ಬೇರೆ ಇರುತ್ತೆ, ಅದನ್ನೂ ಅಳೆದು ತನ್ನಿ.

ಬೇಲೂರು ರೋಡ್:
ನನ್ನ ಸ್ವಿಫ್ಟಿಗೆ ಕೈಸುಟ್ಕೊಂಡು ಕಲ್ತಿದ್ದು ಹೇಳ್ತೀನಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋದು) ಇರೋ ಗಾಡಿ ಆದ್ರೆ ಜಾಯಿಂಟ್ ಮೇಲಿನ ರಿಂಗಿನ ಹಲ್ಲು ಎಣಿಸಿ ತಗೊಳ್ಳಿ, ನಾನು ಎಣಿಸಿರ್ಲಿಲ್ಲ, ಎಬಿಎಸ್ ಲೈಟ್ ಆರಲೇ ಇಲ್ಲ, ಮತ್ತೆ ಬಿಚ್ಚಿದ್ದೇ ಬಿಚ್ಚಿದ್ದು. ಇನ್ನೊಂದು, ಶಾಫ್ಟ್ ಎಳೆದ್ರೆ ಗೇರ್‌ಬಾಕ್ಸ್ ಆಯಿಲ್ ಸುರಿಯುತ್ತೆ, ಆಯಿಲ್ ಸೀಲ್ ಆವಾಗ್ಲೇ ಬದ್ಲಾಯ್ಸಿ, ಹಬ್ ನಟ್ಟೂ ಹೊಸದೇ.

ಆಲ್ದೂರು ಜೆನ್:
ಅಪ್‌ಡೇಟ್. ತಮ್ಮ ಗುಜರಿಯಿಂದ ಒಂದು ಫೋಟೋ ಕಳ್ಸಿದ್ದ, ಬೂಟ್ ಬಿಚ್ಚಿ ತೋರ್ಸು ಅಂತ ಅಂಗಡಿಯವ್ರಿಗೆ ಹೇಳು ಅಂದೆ, ಅವ್ರು ಒಪ್ಲಿಲ್ಲವಂತೆ, ಸರಿ ಬಾ ಅಂದೆ. ನಿನ್ನೆ ಇಲ್ಲೇ ನಮ್ಮ ಮೆಕ್ಯಾನಿಕ್ ಹತ್ರ ಎಡಗಡೇದು ಬಿಚ್ಚಿಸ್ದೆ. ಆರು ಬಾಲಲ್ಲಿ ಎರಡರ ಮೇಲೆ ಸಿಪ್ಪೆ ಎದ್ದಿತ್ತು, ಬಾಲ್ ಕೂರೋ ಕಪ್ ಒಳಗೆ ಉಗುರು ಸಿಗೋವಷ್ಟು ಗುಂಡಿ. ಒಳಗಿನ ಜಾಯಿಂಟ್ ಮಾತ್ರ ಹೊಸದರ ಥರ ಇದೆ. ಹೊರಗಿನ ಕಿಟ್, ಸೀಲು, ನಟ್ಟು ಹಾಕ್ಸ್ದೆ, ಬಲಗಡೆ ಬೂಟಲ್ಲೂ ಸಣ್ಣ ಬಿರುಕು ಕಾಣ್ತು, ಗ್ರೀಸ್ ಇನ್ನೂ ಹೊರಗೆ ಬಂದಿರ್ಲಿಲ್ಲ, ಅದನ್ನೂ ಬದ್ಲಾಯ್ಸಿದ್ದಾಯ್ತು. ಸಂಜೆ ಕಾಫಿ ಒಣಗಿಸೋ ಕಣದಲ್ಲಿ ಎರಡೂ ಕಡೆ ಪೂರ್ತಿ ಸ್ಟೇರಿಂಗ್ ತಿರುಗಿಸಿ ಹತ್ತು ಸುತ್ತು ಹೊಡ್ದೆ, ಕಟ ಕಟ ಇಲ್ಲ. ಅದು ನಿಂತ ಮೇಲೆ ಈಗ ಡ್ಯಾಶ್‌ಬೋರ್ಡಿಂದ ಬೇರೆ ಏನೋ ಕಿರ್ ಅಂತಿದೆ, ಅದಕ್ಕೆ ಬೇರೆ ಪೋಸ್ಟ್ ಹಾಕ್ತೀನಿ.