10 ವರ್ಷದ ಮಗ ಪರ್ಸ್‌ನಿಂದ ದುಡ್ಡು ತೆಗೀತಿದ್ದಾನೆ: ಮಾತು ಹೇಗೆ ಶುರುಮಾಡೋದು?

ಪ್ರಶ್ನೆ

ಮಗನಿಗೆ 10 ವರ್ಷ. ಎರಡು ತಿಂಗಳಿಂದ ನನ್ನ ಪರ್ಸ್‌ನಿಂದ, ಅವರಪ್ಪನ ಜೇಬಿನಿಂದ ದುಡ್ಡು ಕಡಿಮೆಯಾಗ್ತಿದೆ. ದೊಡ್ಡ ನೋಟು ಮುಟ್ಟಲ್ಲ, ಚಿಕ್ಕವೇ ಹೋಗೋದು. ಕಳೆದ ವಾರ ಅವನ ಜಾಮೆಟ್ರಿ ಬಾಕ್ಸ್‌ನ ತಳದ ಕಾಗದದಡಿ ಮಡಚಿಟ್ಟ ನೋಟುಗಳು ಸಿಕ್ಕವು. ಅವು ಅಲ್ಲೇ ಇವೆ, ಇನ್ನೂ ಕೇಳಿಲ್ಲ. ಮೊದಲು ಎರಡು ಸಲ "ನೀನು ತಗೊಂಡ್ಯಾ?" ಅಂದಾಗ ಇಲ್ಲ ಅಂದಿದ್ದ. ಎರಡೇಟು ಬಿದ್ರೆ ಸರಿಹೋಗ್ತಾನೆ ಅಂತ ಯಜಮಾನರು, ಪೊಲೀಸರ ಹೆಸರು ಹೇಳಿ ಹೆದರಿಸು ಅಂತ ಅತ್ತೆ. ಕೇಳಿದ್ದನ್ನೆಲ್ಲ ಕೊಡಿಸ್ತೀವಿ, ಕೈಗೆ ಮಾತ್ರ ದುಡ್ಡು ಕೊಡಲ್ಲ. ಹೇಗೆ ಕೇಳಬೇಕು, ತಗೊಂಡಿದ್ದನ್ನ ವಾಪಸ್ ಕಟ್ಟಿಸಬೇಕಾ?

ಉತ್ತರ 1

ಮೇಡಂ, "ನೀನು ತಗೊಂಡ್ಯಾ?" ಅನ್ನೋ ಪ್ರಶ್ನೆಯನ್ನ ಮೊದಲು ಕೈಬಿಡಿ. ಉತ್ತರ ನಿಮಗೆ ಗೊತ್ತಿದೆ. ಗೊತ್ತಿದ್ದೂ ಕೇಳಿದರೆ ಮಗುವಿಗೆ ಸುಳ್ಳು ಹೇಳೋ ದಾರಿಯನ್ನ ನೀವೇ ತೋರಿಸಿದ ಹಾಗೆ. ಆಮೇಲೆ ಸುಳ್ಳಿನ ಜಗಳವೇ ದೊಡ್ಡದಾಗಿ ದುಡ್ಡಿನ ಮಾತು ಹಿಂದೆ ಬೀಳುತ್ತೆ.

ನೀವು ನಿಜಕ್ಕೂ ತಿಳಿಯಬೇಕಾದ್ದು ಯಾರು ತಗೊಂಡರು ಅನ್ನೋದಲ್ಲ, ದುಡ್ಡು ಎಲ್ಲಿಗೆ ಹೋಯ್ತು ಅನ್ನೋದು. ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಈ ವಯಸ್ಸಲ್ಲಿ ಸಾಮಾನ್ಯವಾಗಿ ಕಾಣೋ ದಾರಿಗಳು ಇವು.

ಒಂದು, ತಿಂಡಿ, ಕಾರ್ಡು, ಸ್ಟಿಕ್ಕರ್ ಥರದ ಸಣ್ಣ ಆಸೆ. ಬ್ಯಾಗಿನಲ್ಲಿ, ಹಾಸಿಗೆ ಕೆಳಗೆ ಗುರುತು ಉಳಿದಿರುತ್ತೆ. ಎರಡು, ಗೆಳೆಯರಿಗೆ ಕೊಡಿಸೋದು. ಮನೆಯಲ್ಲಿ ಹೊಸ ವಸ್ತು ಏನೂ ಕಾಣಲ್ಲ, ಹೊಸ ಗೆಳೆಯರ ಹೆಸರು ಮಾತ್ರ ಕೇಳಿಬರುತ್ತೆ. ಗುಂಪಿಗೆ ಸೇರಿಸಿಕೊಳ್ಳಲಿ ಅಂತ ಮಗು ದುಡ್ಡು ಸುರೀತಿರುತ್ತೆ.

ಮೂರನೆಯದು ಯಾರೋ ಹೆದರಿಸಿ ವಸೂಲಿ ಮಾಡೋದು. ಇದು ಅಲ್ಲ ಅನ್ನೋದನ್ನ ದಯವಿಟ್ಟು ಮೊದಲು ಖಚಿತಪಡಿಸಿಕೊಳ್ಳಿ. ಲಕ್ಷಣಗಳು ಬೇರೆಯೇ: ಹೆಚ್ಚುಕಡಿಮೆ ಒಂದೇ ಮೊತ್ತ, ಅದೂ ಶಾಲೆ ಇರೋ ದಿನಗಳ ಹಿಂದಿನ ರಾತ್ರಿ ಹೋಗುತ್ತೆ, ರಜೆಯಲ್ಲಿ ನಿಂತುಹೋಗುತ್ತೆ. ಮನೆಗೆ ಬಂದ ತಕ್ಷಣ ವಿಪರೀತ ಹಸಿವು, ಪೆನ್ನು ಪೆನ್ಸಿಲ್ ಪದೇಪದೇ ಕಳೆಯೋದು, ಬೆಳಗ್ಗೆ ಹೊಟ್ಟೆನೋವು, ಶಾಲೆಯ ಶೌಚಾಲಯಕ್ಕೆ ಹೋಗದೆ ಸಂಜೆವರೆಗೆ ತಡೆದುಕೊಳ್ಳೋದು. ಇಂಥ ಮಗುವಿಗೆ ಮನೆಯಲ್ಲೂ ಏಟು ಬಿದ್ದರೆ ಹೇಳಿಕೊಳ್ಳೋಕೆ ಅದಕ್ಕೆ ಯಾವ ಬಾಗಿಲೂ ಉಳಿಯಲ್ಲ.

ಹಾಗಾಗಿ ಒಂದು ವಾರ ಸುಮ್ಮನೆ ಲೆಕ್ಕ ಇಡಿ. ರಾತ್ರಿ ಮಲಗೋ ಮುಂಚೆ, ಬೆಳಗ್ಗೆ ಎದ್ದಾಗ, ಪರ್ಸ್ ಮತ್ತು ಜೇಬಿನ ದುಡ್ಡು ಎಣಿಸಿ ದಿನ, ಮೊತ್ತ ಬರೆದಿಡಿ. ಎಷ್ಟೋ ಸಲ ಅರ್ಧ ದುಡ್ಡನ್ನ ದೊಡ್ಡವರೇ ಖರ್ಚುಮಾಡಿ ಮರೆತಿರ್ತಾರೆ. ಹಿಡಿಯೋದಕ್ಕೆ ಅಂತ ಮೇಜಿನ ಮೇಲೆ ದುಡ್ಡು ಇಟ್ಟು ಕಾಯಬೇಡಿ. ಅದು ಗೊತ್ತಾದ ದಿನ ನೀವು ಅದೇ ಕೈಲಿ ಪ್ರಾಮಾಣಿಕತೆ ಕಲಿಸೋಕಾಗಲ್ಲ.

ಆಮೇಲೆ ಮಾತು. ಊಟ ಆಗಿರಲಿ, ನಿದ್ದೆ ಹೊತ್ತು ಬೇಡ, ಅಜ್ಜಿ ಎದುರು ಬೇಡ. ಅಪ್ಪ ಅಮ್ಮನಲ್ಲಿ ಒಬ್ಬರೇ ಇದ್ದರೆ ಸಾಕು. ಎದುರುಬದುರು ಕೂರೋದಕ್ಕಿಂತ ಪಕ್ಕದಲ್ಲಿ, ಬಟ್ಟೆ ಮಡಚ್ತಾನೋ ನಡೀತಾನೋ ಹೇಳಿದರೆ ಬಾಯಿ ಬೇಗ ಬಿಡ್ತಾರೆ. ಹೀಗೆ ಹೇಳಿ: "ನಮ್ಮ ದುಡ್ಡು ನೀನು ತಗೊಂಡಿದ್ದೀಯ ಅಂತ ನಂಗೆ ಗೊತ್ತು. ಜಾಮೆಟ್ರಿ ಬಾಕ್ಸ್‌ನಲ್ಲಿ ಇರೋದನ್ನ ನೋಡಿದ್ದೀನಿ. ಹೊಡೆಯಲ್ಲ. ಅದನ್ನ ಸರಿಮಾಡಬೇಕು, ನಾನೂ ಜೊತೆಗಿರ್ತೀನಿ. ಉಳಿದದ್ದು ಎಲ್ಲಿಗೆ ಹೋಯ್ತು ಹೇಳು." ಇಷ್ಟು ಹೇಳಿ ಸುಮ್ಮನಾಗಿ. ಆ ಮೌನ ತಡೆಯೋಕಾಗದೆ ನಾವೇ ಮಾತು ತುಂಬಿಬಿಡ್ತೀವಿ, ಅಲ್ಲೇ ಕೆಡೋದು. ಅವತ್ತು ಹೇಳದಿದ್ದರೆ "ನಾಳೆ ಸಂಜೆ ಮತ್ತೆ ಕೂರೋಣ" ಅಂತ ಎದ್ದುಬಿಡಿ. "ಯಾಕೆ ತಗೊಂಡೆ?" ಅಂತ ಕೇಳಿ ಫಲವಿಲ್ಲ, ಹತ್ತರ ಮಗುವಿಗೆ ಅದು ಗೊತ್ತಿರಲ್ಲ. "ಕಳ್ಳ" ಅನ್ನೋ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು, ತಮಾಷೆಗೂ.

ಪೊಲೀಸರ ಬೆದರಿಕೆ ಬೇಡವೇ ಬೇಡ. ನಾಳೆ ದಾರಿಯಲ್ಲಿ ಏನಾದರೂ ಆದಾಗ ಆ ಮಗು ನೆರವು ಕೇಳಬೇಕಾದ್ದೇ ಅವರ ಹತ್ತಿರ. ಏಟು ತಿಂದ ಮಗು ಕದಿಯೋದನ್ನ ಬಿಡೋದಕ್ಕಿಂತ ಬಚ್ಚಿಡೋದನ್ನ ಚೆನ್ನಾಗಿ ಕಲಿಯುತ್ತೆ.

ಉತ್ತರ 2

ವಾಪಸ್ ಕಟ್ಟಿಸಲೇಬೇಕು, ಆದರೆ ಮುಗಿಯೋ ಹಾಗೆ. ಕೈಯಲ್ಲಿ ಸ್ವಂತ ದುಡ್ಡೇ ಇಲ್ಲದ ಮಗು ಹೇಗೆ ಕಟ್ಟುತ್ತೆ? ಮೊದಲು ವಾರದ ಪಾಕೆಟ್ ಮನಿ ಶುರುಮಾಡಿ, ಚಿಕ್ಕದಾದರೂ ಪರವಾಗಿಲ್ಲ, ಅದೇ ದಿನ ತಪ್ಪದೆ. ತಪ್ಪಿಗೆ ಬಹುಮಾನ ಕೊಟ್ಟಂತಾಯ್ತು ಅಂತ ಮನೆಯಲ್ಲಿ ಯಾರಾದರೂ ಹೇಳೇ ಹೇಳ್ತಾರೆ. ಕೇಳಿದ್ದೆಲ್ಲ ಕೊಡಿಸೋದು ಬೇರೆ, ಒಂದು ಮೊತ್ತದೊಳಗೆ ಇದು ಬೇಕು ಅದು ಬೇಡ ಅಂತ ತಾನೇ ಆರಿಸೋದು ಬೇರೆ. ಎರಡನೆಯದನ್ನ ಅವನು ಕಲಿತೇ ಇಲ್ಲ.

ಲೆಕ್ಕ ಹೀಗೆ. ಹೋದ ದುಡ್ಡು 9 ವಾರದ ಪಾಕೆಟ್ ಮನಿಯಷ್ಟು ಅಂದುಕೊಳ್ಳಿ. ಬಾಕ್ಸ್‌ನಲ್ಲಿ ಸಿಕ್ಕಿದ್ದು 3 ವಾರದಷ್ಟು, ಅದನ್ನ ಅವನ ಕೈಯಿಂದಲೇ ನಿಮ್ಮ ಪರ್ಸ್‌ಗೆ ಹಾಕಿಸಿ. ಉಳಿದದ್ದು 6. ವಾರ ವಾರ ಪಾಕೆಟ್ ಮನಿಯ ಅರ್ಧ ಕಟ್ಟಲಿ. ಇನ್ನರ್ಧವನ್ನ ರಜಾ ದಿನದ ಒಂದು ಹೆಚ್ಚುವರಿ ಕೆಲಸದಿಂದ ತೀರಿಸಲಿ. 6 ವಾರಕ್ಕೆ ಮುಗೀತು. ಪೂರ್ತಿ ಪಾಕೆಟ್ ಮನಿ ಹಿಡಿದರೆ ಕೈ ಮತ್ತೆ ಖಾಲಿ, ಪರ್ಸ್ ಮತ್ತೆ ಕರೆಯುತ್ತೆ. ನಾಲ್ಕೈದು ತಿಂಗಳು ಎಳೆದರೆ ಹೇಗೂ ತೀರಲ್ಲ ಅಂತ ಕೈಚೆಲ್ತಾನೆ. ಮೊತ್ತ ತುಂಬಾ ದೊಡ್ಡದಿದ್ದರೆ ಕಟ್ಟಬೇಕಾದ ಪಾಲನ್ನ ಮೊದಲೇ ನಿಗದಿ ಮಾಡಿ, ಉಳಿದದ್ದನ್ನ ಬಿಟ್ಟುಬಿಡಿ.

ಕೆಲಸ ಅಂದರೆ ಹೆಚ್ಚುವರಿ ಕೆಲಸ: ಕಿಟಕಿ ಒರೆಸೋದು, ಕಪಾಟು ಖಾಲಿಮಾಡಿ ಜೋಡಿಸೋದು. ತಟ್ಟೆ ತೊಳೆಯೋದು, ಹಾಸಿಗೆ ಮಡಚೋದಕ್ಕೆ ದುಡ್ಡು ಲೆಕ್ಕ ಹಾಕಬೇಡಿ, ಅದು ಮನೆಯವರೆಲ್ಲ ಮಾಡೋದು. ಒಂದು ಚಿಕ್ಕ ಪುಸ್ತಕದಲ್ಲಿ ಅವನೇ ಬರೀಲಿ, ಬಾಕಿ ಎಷ್ಟು ಅಂತ ಅವನೇ ಕಳೀಲಿ. ತೀರಿದ ದಿನ ಪುಟಕ್ಕೆ ಅಡ್ಡಗೆರೆ ಎಳೆದು ಮುಚ್ಚಿ, ಆಮೇಲೆ ಆ ವಿಷಯ ಎತ್ತಬೇಡಿ.

ಈ ಲೆಕ್ಕ ತೀರೋವರೆಗೂ ಪರ್ಸ್ ಕಣ್ಣಿಗೆ ಬೀಳದ ಹಾಗೆ ಬೀಗದ ಕಪಾಟಿನಲ್ಲಿರಲಿ. ಅಪನಂಬಿಕೆ ಅಂತಲ್ಲ. ಚಟ ಬಿಡಿಸುವಾಗ ಎದುರಿಗೆ ಇಡಬಾರದು, ಅಷ್ಟೇ.

ಉತ್ತರ 3

ಫೋನಿನ ಗೇಮ್ ಆಡ್ತಾನಾ? ಚಿಕ್ಕ ನೋಟುಗಳನ್ನ ಯಾವನೋ ದೊಡ್ಡ ಹುಡುಗನಿಗೆ ಕೊಟ್ಟು ಗಿಫ್ಟ್ ಕೋಡ್ ತಗೊಳ್ಳೋದೂ ಇದೆ, ಆಗ ವಸ್ತು ಎಲ್ಲೂ ಕಾಣಲ್ಲ. ಗೇಮ್‌ನೊಳಗಿನ ಖರೀದಿ ಪಟ್ಟಿ ನೋಡಿ. ಜೊತೆಗೆ ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಬೆರಳಚ್ಚು ಸೇರಿವೆ ಎಣಿಸಿ. ಪಿನ್ ಗೊತ್ತಿದ್ದರೆ ಮಕ್ಕಳು ತಮ್ಮ ಬೆರಳು ಸೇರಿಸಿಕೊಂಡಿರಬಹುದು. ಸೇವ್ ಆಗಿರೋ ಕಾರ್ಡ್ ತೆಗೆದುಹಾಕಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಇಡಿ, ಪಿನ್ ಹುಟ್ಟಿದ ದಿನಾಂಕ ಆಗಿರಬಾರದು. ಮೆಸೇಜ್ ನಂಬಬೇಡಿ, ಅಳಿಸಿರಬಹುದು. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ.

ಉತ್ತರ 4

ಉತ್ತರ 1ಕ್ಕೆ ಒಂದು ಸೇರಿಸ್ತೀನಿ. ತಿಂಗಳಲ್ಲಿ ಮೂರ್ನಾಲ್ಕು ಸಲ ನಡೀತಾ, ಪ್ರತಿ ಸಲ "ಸಿಕ್ಕಿತು", "ಫ್ರೆಂಡ್ ಕೊಟ್ಟ" ಅನ್ನೋ ಮಕ್ಕಳಿಗೆ ಸಾಕ್ಷಿ ಹುಡುಕೋದು ಸೋಲೋ ಆಟ. ಅಂಥ ಕಡೆ ಬೇರೆ ನಿಯಮ: ನಮಗೆ ಗೊತ್ತಿಲ್ಲದ ದುಡ್ಡೋ ವಸ್ತುವೋ ನಿನ್ನ ಹತ್ತಿರ ಕಂಡರೆ, ಎಲ್ಲಿಂದ ಬಂತು ಅಂತ ತೋರಿಸೋ ಜವಾಬ್ದಾರಿ ನಿನ್ನದು. ತೋರಿಸಲಾಗದಿದ್ದರೆ ತಗೊಂಡಿದ್ದು ಅಂತಲೇ ಲೆಕ್ಕ. ಪರಿಣಾಮ ಮಾತ್ರ ಹಗುರ, ಒಂದು ಗಂಟೆ ಮನೆಕೆಲಸ. ಉಪದೇಶ ಇಲ್ಲ, ವಾದ ಇಲ್ಲ. ನಮ್ಮ ಊಹೆ ಒಂದೊಂದು ಸಲ ತಪ್ಪಾಗಬಹುದು ಅನ್ನೋ ಕಾರಣಕ್ಕೇ ಅದು ಹಗುರ ಇರಬೇಕು.

ಉತ್ತರ 1 ಬರೆದವರಿಂದ

ಒಪ್ಪುತ್ತೀನಿ, ಆದರೆ ಈ ಮಗುವಿಗೆ ಈಗಲೇ ಬೇಡ. ಎರಡೇ ತಿಂಗಳು, ಒಂದು ಸಲವೂ ನೇರ ಮಾತಾಗಿಲ್ಲ. ವಸೂಲಿ ನಡೀತಿದ್ದರೆ ಆ ನಿಯಮ ತಪ್ಪು ತಲೆಗೆ ಬೀಳುತ್ತೆ. ಮನೆಯಲ್ಲಿ ಅಣ್ಣತಮ್ಮಂದಿರಿದ್ದರೆ ಇನ್ನೂ ಹುಷಾರು.

ಕೇಳಿದವರು

ಧನ್ಯವಾದ. ರಜೆಯ ವಾರ ಏನೂ ಹೋಗಿರಲಿಲ್ಲ ಅಂತ ಈಗ ಹೊಳೀತಿದೆ. ಶಾಲೆಗೆ ಹೋಗಿ ಕೇಳಲಾ? ಇದು ಕಾಯಿಲೆ ಆಗಿರಬಹುದಾ?

ಉತ್ತರ 1 ಬರೆದವರಿಂದ

ಮೊದಲು ಮಗನ ಹತ್ತಿರ, ಆಮೇಲೆ ಶಾಲೆ. ರಜೆಯಲ್ಲಿ ನಿಂತಿದ್ದು ತಿಂಡಿ, ಗೆಳೆಯರು, ವಸೂಲಿ ಮೂರಕ್ಕೂ ಹೊಂದುತ್ತೆ, ಆದ್ದರಿಂದ ಅದೊಂದರ ಮೇಲೇ ತೀರ್ಮಾನ ಬೇಡ. ಹೆಸರು ಹೇಳಿದರೆ ಆ ಹುಡುಗನ ಮನೆಗೆ ನೇರವಾಗಿ ನುಗ್ಗಬೇಡಿ. ಕ್ಲಾಸ್ ಟೀಚರ್‌ಗೆ ದಿನ ಮತ್ತು ಮೊತ್ತ ಬರೆದ ಚೀಟಿ ಕೊಟ್ಟು, ಬಿಡುವಿನ ಹೊತ್ತಲ್ಲಿ ಯಾರು ಎಲ್ಲಿರ್ತಾರೆ ನೋಡೋಕೆ ಹೇಳಿ. ನಿಮ್ಮ ಮಗನ ಹೆಸರು ತರಗತಿಯಲ್ಲಿ ಬರಬಾರದು ಅಂತ ಸ್ಪಷ್ಟವಾಗಿ ಕೇಳಿಕೊಳ್ಳಿ. ವಸೂಲಿ ಅಂತ ಖಚಿತವಾದರೆ ಕಟ್ಟಿಸೋ ಲೆಕ್ಕ ಪೂರ್ತಿ ಬಿಡಿ.

ಕಾಯಿಲೆಯ ಮಾತಿಗೆ ಬಂದರೆ, ಎಲ್ಲರೂ ಹೇಳೋ ಕ್ಲೆಪ್ಟೊಮೇನಿಯಾ, ಅಂದರೆ ಕದಿಯೋ ತುಡಿತ ತಡೆಯಲಾಗದ ಕಾಯಿಲೆ, ಬಹಳ ಅಪರೂಪ. ಅದರಲ್ಲಿ ಬೇಕಿಲ್ಲದ ವಸ್ತು ತಗೋತಾರೆ, ತಗೊಳ್ಳೋ ಮುಂಚೆ ತಡೆಯಲಾಗದ ಒತ್ತಡ, ತಗೊಂಡ ಮೇಲೆ ಹಗುರ. ದುಡ್ಡು ಕೂಡಿಟ್ಟು ಬಳಸೋದು ಹಾಗಲ್ಲ. ಇನ್ನೊಂದು, ನಡತೆಯ ತೊಂದರೆ (ಕಂಡಕ್ಟ್ ಡಿಸಾರ್ಡರ್). ಮನೋವೈದ್ಯರು ಕಾಯಿಲೆ ಗುರುತಿಸೋಕೆ ಬಳಸೋ ಡಿಎಸ್‌ಎಂ-5 ಕೈಪಿಡಿ ಪ್ರಕಾರ ಇದರ 15 ಲಕ್ಷಣಗಳಲ್ಲಿ ಕನಿಷ್ಠ 3 ಹಿಂದಿನ 12 ತಿಂಗಳಲ್ಲಿ, ಒಂದಾದರೂ ಹಿಂದಿನ 6 ತಿಂಗಳಲ್ಲಿ ಕಂಡಿರಬೇಕು. ಕಳ್ಳತನ ಅವುಗಳಲ್ಲಿ ಕೆಲವು ಮಾತ್ರ. ಪ್ರಾಣಿಗಳನ್ನ ಹಿಂಸಿಸೋದು, ಬೆಂಕಿ ಹಚ್ಚೋದು, ಹೊಡೆದಾಟ, ಶಾಲೆ ತಪ್ಪಿಸೋದೂ ಸೇರಿವೆ. ಇಂಥವು ಜೊತೆಗಿದ್ದರೆ, ಇಲ್ಲವೇ ಕಟ್ಟಿಸೋ ಕ್ರಮ ಸರಿಯಾಗಿ ನಡೆದರೂ ಎರಡು ಮೂರು ತಿಂಗಳಲ್ಲಿ ನಿಲ್ಲದಿದ್ದರೆ, ಮಕ್ಕಳ ಮನೋವೈದ್ಯರನ್ನ ಕಾಣಿ. ಹೋಗುವಾಗ ಆ ದಿನ-ಮೊತ್ತದ ಪಟ್ಟಿ ತಗೊಂಡು ಹೋಗಿ, ಮೊದಲ ಭೇಟಿಯಲ್ಲಿ ಅವರು ಕೇಳೋದೇ ಅದು.