ಪೆಲೆಟ್ ನಿಲ್ಲಿಸಿದ ಮೇಲೆ ಗಿಳಿ ಚಾಪ್ ಬಿಸಾಡುತ್ತಿದೆ, ಕಾಲೂ ನಡುಗುತ್ತಿದೆ: ಏನು ಮಾಡೋದು?

ಪೊನ್ನಂಪೇಟೆ_ತೋಟ
ಮಳೆ ಶುರುವಾದಾಗಿನಿಂದ ಪೆಲೆಟ್ (ಅಂಗಡಿಯ ಗುಳಿಗೆ ಆಹಾರ) ಪೂರ್ತಿ ಬಂದ್. ಬೆಳಿಗ್ಗೆ ಚಾಪ್, ಅಂದರೆ ಸಣ್ಣಗೆ ಕೊಚ್ಚಿದ ಸೊಪ್ಪು-ತರಕಾರಿ: ಪಾಲಕ್, ಹರಿವೆ, ಸೌತೆ, ಬೀನ್ಸ್, ಒಂಚೂರು ಕ್ಯಾರೆಟ್. ಮಧ್ಯಾಹ್ನ ಹೆಸರುಕಾಳಿನ ಮೊಳಕೆ. ಸಂಜೆ ಸೂರ್ಯಕಾಂತಿ ಬೀಜ, ನವಣೆ. ಹಣ್ಣಿಗೆ ಬಾಳೆ, ಸೀಬೆ. ಸೊಪ್ಪೆಲ್ಲ ಮನೆಯದೇ, ಗೊಬ್ಬರ ಬಿಟ್ಟರೆ ಬೇರೇನೂ ಹಾಕಿಲ್ಲ. ಇಷ್ಟು ಒಳ್ಳೆಯ ಊಟ ಕೊಟ್ಟರೂ ಚಾಪ್ ಎಲ್ಲ ಕೆಳಗೆ ಬಿಸಾಡಿ ಸೂರ್ಯಕಾಂತಿಗೆ ಕಾಯುತ್ತೆ. ಹಿಕ್ಕೆ ನೀರು ನೀರು. ಕೋಲಿನ ಮೇಲೆ ಕೂತಾಗ ಕಾಲು ನಡುಗುತ್ತೆ, ನಿನ್ನೆ ರಾತ್ರಿ ಕೆಳಗೆ ಬಿತ್ತು. ಯಾಕೆ ಹೀಗೆ? "ಮತ್ತೆ ಪೆಲೆಟ್ ಕೊಡಿ" ಅನ್ನುವವರು ದಯವಿಟ್ಟು ಬೇರೆ ಥ್ರೆಡ್‌ಗೆ ಹೋಗಿ. ಆ ಪುರಾಣ ಕೇಳಿ ಸಾಕಾಗಿದೆ.

ಬೂಷ್ಟು_ವೈರಿ
ಮೊಳಕೆ. ಬೇರೆ ಏನೂ ನೋಡಬೇಡಿ, ಮೊದಲು ಮೊಳಕೆ ನಿಲ್ಲಿಸಿ. ಜೂನ್-ಜುಲೈನಲ್ಲಿ ನಮ್ಮ ಕಡೆ ಅಡುಗೆಮನೆಯ ಶಾಖ 20 ಡಿಗ್ರಿ ಆಸುಪಾಸು. ಬೇಸಿಗೆಯಲ್ಲಿ ಒಂದು ದಿನಕ್ಕೆ ಮೂತಿ ಬಿಡುವ ಹೆಸರುಕಾಳು ಈಗ ಎರಡು ದಿನ ತಗೊಳ್ಳುತ್ತೆ. ಅಷ್ಟರಲ್ಲಿ ಲೋಳೆ ಬಂದಿರುತ್ತೆ. ಮಾಡೋ ಕ್ರಮ: 8 ಗಂಟೆ ನೆನೆಸಿ, ನೀರು ಪೂರ್ತಿ ಬಸಿದು ಜಾಲರಿಯಲ್ಲಿ ಹರಡಿ, 6 ಗಂಟೆಗೊಮ್ಮೆ ತೊಳೆಯಿರಿ. ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡೋದು ನಮ್ಮ ಊಟಕ್ಕೆ ಸರಿ, ಗಿಳಿಗಲ್ಲ, ಗಂಟಿನ ಒಳಗೆ ಗಾಳಿ ಆಡುವುದಿಲ್ಲ. ಬಿಳಿ ಮೂತಿ ಕಂಡ ಕೂಡಲೇ ಕೊಡಿ, ಉದ್ದ ಬಾಲ ಬರುವವರೆಗೆ ಕಾಯಬೇಡಿ. ಬಟ್ಟಲಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬೇಡಿ.

ಪೊನ್ನಂಪೇಟೆ_ತೋಟ
ಜಾಲರಿಯಲ್ಲೇ ಮಾಡೋದು. ವಾಸನೆ ಇಲ್ಲ, ಲೋಳೆ ಇಲ್ಲ.

ಬೂಷ್ಟು_ವೈರಿ
ವಾಸನೆ ಬರೋ ಹೊತ್ತಿಗೆ ಕಥೆ ಮುಗಿದಿರುತ್ತೆ. ಸೂರ್ಯಕಾಂತಿ ಯಾವ ಡಬ್ಬದಲ್ಲಿ ಇಟ್ಟಿದ್ದೀರಿ? ಶೇಂಗಾ ಕೊಡುತ್ತೀರಾ? ಸಿಪ್ಪೆ ಇರೋ ಹಸಿ ಶೇಂಗಾದಲ್ಲಿ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಇರಬಹುದು. ನೇರ ಲಿವರ್‌ಗೆ ಹೊಡೆತ. ಹುರಿದರೂ ಪೂರ್ತಿ ಹೋಗಲ್ಲ.

ಸೋಮವಾರಪೇಟೆ_ಕೊನ್ಯೂರ್
ತೊಳೆಯೋ ಕೊನೇ ನೀರಿಗೆ ನಾಲ್ಕು ಹನಿ ಕಾಚಂಪುಳಿ ಹಾಕಿದರೆ ಬೂಷ್ಟು ಹತ್ತಿರ ಬರಲ್ಲ.

ಬೂಷ್ಟು_ವೈರಿ
ಕಾಚಂಪುಳಿ ಪಂದಿಕರಿಗೆ ಇಟ್ಟುಕೊಳ್ಳಿ ಮಾರಾಯ್ರೆ. ಅಷ್ಟು ಕುದಿಸಿ ಗಟ್ಟಿ ಮಾಡಿದ ಹುಳಿಯನ್ನು ಅಳತೆಯಿಲ್ಲದೆ ಹಕ್ಕಿಗೆ ಯಾಕೆ? ಆಪಲ್ ಸೈಡರ್ ವಿನೆಗರ್ ಆದರೆ ಕನಿಷ್ಠ ಅದರಲ್ಲಿ ಹುಳಿ ಎಷ್ಟು ಅಂತ ಬಾಟಲಿ ಮೇಲೆ ಬರೆದಿರುತ್ತೆ.

ಸೋಮವಾರಪೇಟೆ_ಕೊನ್ಯೂರ್
ನಾಲ್ಕು ಹನಿ ಅಂದೆ, ನಾಲ್ಕು ಚಮಚ ಅಲ್ಲ.

ಕುಶಾಲನಗರ_ಅಕ್ಕ
ಹುಳಿ ಜಗಳ ಆಮೇಲೆ ಮಾಡಿ. ಪೊನ್ನಂಪೇಟೆಯವರೇ, ಯಾವ ಗಿಳಿ? ತೂಕ ಎಷ್ಟು? ಪಂಜರ ಎಲ್ಲಿದೆ? ಪೆಲೆಟ್ ನಿಲ್ಲಿಸಿದ್ದು ಒಂದೇ ಸಲವೋ, ಕಡಿಮೆ ಮಾಡುತ್ತಾ ಬಂದಿರೋ?

ಮೂರ್ನಾಡು_82
ತೋಟದ ಗಿಳಿ ಇದ್ದರೆ ಬಿಟ್ಟುಬಿಡಿ ಸರ್. ನಮ್ಮ ಊರಿನ ಯಾವ ಗಿಳಿಯನ್ನೂ ಸಾಕೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ.

ಪೊನ್ನಂಪೇಟೆ_ತೋಟ
ಗ್ರೇ ಸ್ವಾಮಿ, ಆಫ್ರಿಕನ್ ಗ್ರೇ. ಹಳಬರಿಗೆಲ್ಲ ಗೊತ್ತು. ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯೂ ಆಗಿದೆ, ಕಾಯ್ದೆ ಪಾಠ ಬೇಡ. ತೂಕ ಈಗ ನೋಡಿದೆ, 408 ಗ್ರಾಂ. ಬೇಸಿಗೆಯಲ್ಲಿ 450 ಇತ್ತು. ಒಂದೇ ಸಲ ನಿಲ್ಲಿಸಿದ್ದು. ಪಂಜರ ಮಾಮೂಲು ಜಾಗದಲ್ಲೇ ಇದೆ.

ಕುಶಾಲನಗರ_ಅಕ್ಕ
ಮಾಮೂಲು ಜಾಗ ಅಂದರೆ?

ಪೊನ್ನಂಪೇಟೆ_ತೋಟ
ಮಳೆಗಾಲದ ಮಾಮೂಲು. ಬೇಸಿಗೆಯಲ್ಲಿ ಹೊರ ಜಗಲಿ, ಮಳೆ ಹಿಡಿದರೆ ಹಾಲ್‌ನಲ್ಲಿ ಕಿಟಕಿ ಪಕ್ಕ. ದೊಡ್ಡ ಗಾಜಿನ ಕಿಟಕಿ, ಬೆಳಕು ಚೆನ್ನಾಗಿದೆ.

ಕುಶಾಲನಗರ_ಅಕ್ಕ
ಹಾಗಾದರೆ ಈ ಥ್ರೆಡ್ ಓದುವುದು ಬಿಟ್ಟು ಮೊದಲು ಡಾಕ್ಟರಿಗೆ ಫೋನ್ ಮಾಡಿ. ಹಕ್ಕಿ ನೋಡಿ ಅನುಭವ ಇರುವವರು ಬೇಕು. ಹತ್ತಿರ ಸಿಗದಿದ್ದರೆ ಮೈಸೂರಿಗೆ ಹೊರಡಿ, ನಾಳೆಗೆ ತಳ್ಳಬೇಡಿ. ಗ್ರೇ, ಕಾಲು ನಡುಕ, ಕೋಲಿನಿಂದ ಬೀಳೋದು, ಈ ಮೂರು ಸೇರಿದರೆ ಮೊದಲ ಸಂಶಯ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುವುದರ ಮೇಲೆ. ಬೇರೆ ಗಿಳಿಗಳಿಗಿಂತ ಗ್ರೇಗಳಿಗೆ ಈ ತೊಂದರೆ ಜಾಸ್ತಿ. ಮುಂದಿನ ಹಂತ ಫಿಟ್ಸ್.

ಹೊರಡುವ ತನಕ: ಎತ್ತರದ ಕೋಲುಗಳನ್ನೆಲ್ಲ ತೆಗೆದು ಒಂದೇ ಕೋಲು ತಳದಿಂದ ಒಂದು ಗೇಣಿಗೆ ಇಳಿಸಿ. ತಳಕ್ಕೆ ಮಡಚಿದ ಟವೆಲ್. ಬೆಚ್ಚಗಿರಲಿ, ಬೆಳಕು ಕಡಿಮೆ ಇರಲಿ. ಸುಮ್ಮಸುಮ್ಮನೆ ಕೈಯಲ್ಲಿ ಹಿಡಿಯಬೇಡಿ, ಗಾಬರಿಗೇ ಫಿಟ್ಸ್ ಬರಬಹುದು. ನಡುಗುವ ಹಕ್ಕಿಗೆ ಬಾಯಿಗೆ ಸಿರಪ್ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತೆ. ಕ್ಯಾಲ್ಸಿಯಂ ಇಂಜೆಕ್ಷನ್ ಬೇಕೋ ಬೇಡವೋ ಡಾಕ್ಟರ್ ಹೇಳಲಿ. ರಕ್ತ ತೆಗೆಯುವಾಗ ಅಯೊನೈಸ್ಡ್ ಕ್ಯಾಲ್ಸಿಯಂ (ದೇಹ ನೇರ ಬಳಸುವ ಬಿಡಿ ಕ್ಯಾಲ್ಸಿಯಂ) ನೋಡಿ ಅಂತ ಕೇಳಿ. ಬರೀ ಟೋಟಲ್ ನೋಡಿದರೆ ಮೋಸ ಹೋಗಬಹುದು.

ಬೂಷ್ಟು_ವೈರಿ
ತೂಕ ಇಳಿಯೋದು, ನೀರು ಹಿಕ್ಕೆ, ಇದು ಬೂಷ್ಟಿಗೂ ಹೊಂದುತ್ತೆ. ಮಳೆಗಾಲ ಬೇರೆ. ಮೊಳಕೆ ವಿಷಯ ತಳ್ಳಿ ಹಾಕಬೇಡಿ.

ಕುಶಾಲನಗರ_ಅಕ್ಕ
ತಳ್ಳಿ ಹಾಕುತ್ತಿಲ್ಲ. ಆದರೆ ಅವರೇ ಬರೆದ ಪಟ್ಟಿ ನೋಡಿ. ಸೂರ್ಯಕಾಂತಿಯಲ್ಲಿ ಕ್ಯಾಲ್ಸಿಯಂನ ಎಂಟು ಪಟ್ಟು ರಂಜಕ. ನಮಗೆ ಬೇಕಾದ್ದು ತಿರುಗಾಮುರುಗಾ, ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ. ಪಾಲಕ್, ಹರಿವೆ ಎರಡರಲ್ಲೂ ಆಕ್ಸಲೇಟ್ ಹೆಚ್ಚು, ಇರುವ ಕ್ಯಾಲ್ಸಿಯಂ ಅನ್ನು ಅದೇ ಕಟ್ಟಿಹಾಕುತ್ತೆ. ಬಾಳೆ, ಸೌತೆಯಲ್ಲಿ ಹೇಳಿಕೊಳ್ಳುವಷ್ಟು ಏನೂ ಇಲ್ಲ. ಅದೂ ಸಾಲದು ಅಂತ ಚಾಪ್ ತಿನ್ನುತ್ತಲೂ ಇಲ್ಲ. ಬಟ್ಟಲಲ್ಲಿ ಏನಿದೆ ಅನ್ನೋದು ಲೆಕ್ಕಕ್ಕಿಲ್ಲ, ಒಳಗೆ ಹೋಗುತ್ತಿರುವುದು ಸೂರ್ಯಕಾಂತಿ ಒಂದೇ.

ಇನ್ನೂ ದೊಡ್ಡ ವಿಷಯ ವಿಟಮಿನ್ ಡಿ3. ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಹೋಗಬೇಕಾದರೆ ಅದು ಬೇಕು. ಸೊಪ್ಪು, ಕಾಳು, ಹಣ್ಣು ಯಾವುದರಲ್ಲೂ ಡಿ3 ಇಲ್ಲವೆಂದೇ ಹೇಳಬಹುದು. ಪೆಲೆಟ್‌ನಲ್ಲಿ ಬೆರೆಸಿರುತ್ತಾರೆ. ಇಲ್ಲದಿದ್ದರೆ ನೇರ ಬಿಸಿಲಿನ ಯುವಿಬಿ ಕಿರಣದಿಂದ ಹಕ್ಕಿ ತಾನೇ ಮಾಡಿಕೊಳ್ಳಬೇಕು. ಕಿಟಕಿ ಗಾಜು ಬೆಳಕು ಬಿಡುತ್ತೆ, ಯುವಿಬಿ ಬಿಡಲ್ಲ. ಅಂದರೆ ಜಗಲಿಯಿಂದ ಒಳಗೆ ತಂದಾಗ ಒಂದು ದಾರಿ ಮುಚ್ಚಿತು, ಅದೇ ಹೊತ್ತಿಗೆ ಪೆಲೆಟ್ ನಿಲ್ಲಿಸಿದಾಗ ಇನ್ನೊಂದೂ ಮುಚ್ಚಿತು. ನೈಸರ್ಗಿಕ ಆಹಾರ ತಪ್ಪಲ್ಲ. ಕೊಡಗಿನಲ್ಲಿ ಅದನ್ನು ಜೂನ್‌ನಲ್ಲಿ ಶುರು ಮಾಡಬಾರದು, ಫೆಬ್ರವರಿಯಲ್ಲಿ ಮಾಡಬೇಕು.

ಮೂರ್ನಾಡು_82
ಪಂಜರದ ತಂತಿಯೂ ನೋಡಿ. ಅಗ್ಗದ ಗಾಲ್ವನೈಸ್ಡ್ ಜಾಲರಿ ಮಳೆಗಾಲದಲ್ಲಿ ಬಿಳಿ ಪುಡಿ ಬಿಡುತ್ತೆ. ಗಿಳಿ ಕಚ್ಚಿದರೆ ಸತು ಹೊಟ್ಟೆಗೆ ಹೋಗುತ್ತೆ, ಅದಕ್ಕೂ ನಡುಕ, ನೀರು ಹಿಕ್ಕೆ ಇದೆ. ಹೋದ ಮೇಲೆ ಎಕ್ಸ್‌ರೇ ಒಂದು ತೆಗೆಸಿಬಿಡಿ.

ಸೋಮವಾರಪೇಟೆ_ಕೊನ್ಯೂರ್
ಪಾಲಕ್ ಬೇಡ ಅಂದರೆ ಯಾವ ಸೊಪ್ಪು ಅಂತ ಹೇಳಿ. ಬೆಣ್ಣೆಹಣ್ಣು (ಆವಕಾಡೊ) ಈಗ ತೋಟದಲ್ಲಿ ಬಿದ್ದು ಕೊಳೀತಿದೆ, ಒಳ್ಳೆ ಕೊಬ್ಬು, ತೂಕ ಬರುತ್ತೆ. ಕಾಡುಗಿಳಿ ಕುಕ್ಕುತ್ತಲ್ಲ?

ಕುಶಾಲನಗರ_ಅಕ್ಕ
ಬೆಣ್ಣೆಹಣ್ಣು ಬೇಡವೇ ಬೇಡ. ಅದರಲ್ಲಿರುವ ಪರ್ಸಿನ್ ಗಿಳಿಗಳ ಹೃದಯಕ್ಕೆ ವಿಷ. ತಿರುಳು, ಸಿಪ್ಪೆ, ಎಲೆ ಯಾವುದೂ ಕೊಡಬೇಡಿ. ಹೊರಗಿನ ಗಿಳಿ ಕುಕ್ಕಿ ಹಾರಿಹೋದ ಮೇಲೆ ಅದಕ್ಕೇನಾಯಿತು ಅಂತ ಯಾರೂ ಹಿಂದೆ ಹೋಗಿ ನೋಡಿರಲ್ಲ. ಕಾಫಿ ಹಣ್ಣು, ಚಾಕೊಲೇಟ್‌ಗೂ ಇದೇ ಮಾತು.

ಸೊಪ್ಪು: ನುಗ್ಗೆ ಮೊದಲು. 100 ಗ್ರಾಂಗೆ ಸುಮಾರು 300 ಮಿಲಿಗ್ರಾಂ ಕ್ಯಾಲ್ಸಿಯಂ. ಮಡಿಕೇರಿ ಕಡೆ ಮಳೆಗೆ ನುಗ್ಗೆ ನಿಲ್ಲಲ್ಲ, ಕುಶಾಲನಗರ ಸಂತೆಯಲ್ಲಿ ತಗೊಳ್ಳಿ. ನೆರಳಲ್ಲಿ ಒಣಗಿಸಿದ ಪುಡಿಯೂ ಆಗುತ್ತೆ. ಆಮೇಲೆ ಮೂಲಂಗಿ ಸೊಪ್ಪು, ನವಿಲುಕೋಸಿನ ಎಲೆ, ಕೊತ್ತಂಬರಿ. ಪಾಲಕ್ ವಾರಕ್ಕೊಮ್ಮೆ ಬಾಯಿ ರುಚಿಗೆ ಸಾಕು.

ನಾಪೋಕ್ಲು_ಮೆಣಸು
ಒಂದು ಎಚ್ಚರಿಕೆ. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೂ ಅಡಿಕೆಗೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಿರುತ್ತೀವಿ. ಅದರಲ್ಲಿರೋದು ಮೈಲುತುತ್ತು. ಬಳ್ಳಿಯ ಅಡಿಯಲ್ಲಿ ಬೆಳೆದ ಸೊಪ್ಪಿನ ಮೇಲೂ ಸೀಬೆ ಕೊಂಬೆಯ ಮೇಲೂ ಬಿದ್ದಿರುತ್ತೆ. "ಗೊಬ್ಬರ ಬಿಟ್ಟರೆ ಬೇರೇನೂ ಹಾಕಿಲ್ಲ" ಅಂದರೆ ಸೊಪ್ಪಿಗೆ ಹಾಕಿಲ್ಲ ಅಷ್ಟೆ. ಪಕ್ಕದ ಬಳ್ಳಿಗೆ? ಎಲೆ ಮೇಲೆ ನೀಲಿ-ಬಿಳಿ ಕಲೆ ಇದ್ದರೆ ತೊಳೆದರೂ ಕೊಡಬೇಡಿ. ಸುಮ್ಮನೆ ಹಿತ್ತಲಲ್ಲಿ ನಾಲ್ಕು ಕುಂಡ ಇಡಿ.

ಅಮ್ಮತ್ತಿ_ಏವಿಯರಿ
ಇದಕ್ಕೆಲ್ಲ ಸರಿಯಾದ ಸೆಟಪ್ ಬೇಕು ಬ್ರದರ್. ನಮ್ಮದು 12 ಅಡಿಗೆ 8 ಅಡಿ ಸ್ಟೀಲ್ ಏವಿಯರಿ (ದೊಡ್ಡ ಹಕ್ಕಿಮನೆ), ಎರಡು ಯುವಿಬಿ ಟ್ಯೂಬು, ತೇವ ಹೀರೋ ಡಿಹ್ಯುಮಿಡಿಫೈಯರ್, ಎಲ್ಲ ಇನ್ವರ್ಟರ್ ಮೇಲೆ. ಕರೆಂಟ್ ಹೋದರೂ ಗಾಳಿಯ ತೇವ 60% ದಾಟಲ್ಲ. ಫೋಟೋ ಹಾಕಲಾ?

ಮೂರ್ನಾಡು_82
ಬೇಡ. ಹೋದ ಥ್ರೆಡ್‌ನಲ್ಲೂ ಹಾಕಿದ್ದಿರಿ.

ಕುಶಾಲನಗರ_ಅಕ್ಕ
ಫೋಟೋ ಬೇಡ, ಟ್ಯೂಬಿನ ವಿಷಯ ಹೇಳಿ, ಅದು ಕೆಲಸಕ್ಕೆ ಬರುತ್ತೆ.

ಅಮ್ಮತ್ತಿ_ಏವಿಯರಿ
ಹಕ್ಕಿಗಳದ್ದೇ ಯುವಿಬಿ ಟ್ಯೂಬು. ಪಂಜರದ ಮೇಲಿನಿಂದ, ಪಕ್ಕದಿಂದಲ್ಲ, ಕಣ್ಣಿಗೆ ನೇರ ಹೊಡೆಯಬಾರದು. ಹಕ್ಕಿ ಕೂರುವ ಕೋಲಿನಿಂದ 30ರಿಂದ 45 ಸೆಂ.ಮೀ. ಎತ್ತರ, ಡಬ್ಬದ ಮೇಲೆ ಬರೆದ ಅಳತೆ ಬೇರೆ ಇದ್ದರೆ ಅದೇ ಸರಿ. ಮೊದಲು ದಿನಕ್ಕೆ ಒಂದು ಗಂಟೆ, ಮೆಲ್ಲಗೆ ಮೂರು ನಾಲ್ಕಕ್ಕೆ. ಅರ್ಧ ಪಂಜರ ನೆರಳಲ್ಲಿರಲಿ. ನಡುವೆ ಗಾಜು, ಪ್ಲಾಸ್ಟಿಕ್ ಹಾಳೆ ಬೇಡ, ಸೊಳ್ಳೆ ಪರದೆಯೂ ಒಂದಷ್ಟು ತಿಂದುಹಾಕುತ್ತೆ. ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಿ, ಬೆಳಕು ಇರುತ್ತೆ, ಯುವಿಬಿ ಇರಲ್ಲ. ಆನ್‌ಲೈನ್‌ನಲ್ಲಿ "ಯುವಿ ಲ್ಯಾಂಪ್" ಅಂತ ಹುಡುಕಿ ನೀರು ಶುದ್ಧ ಮಾಡುವ ಯುವಿಸಿ ದೀಪ ತಂದು ಹಾಕಬೇಡಿ, ಹಕ್ಕಿ ಕಣ್ಣೂ ಹೋಗುತ್ತೆ, ನಿಮ್ಮದೂ ಹೋಗುತ್ತೆ.

ಬೂಷ್ಟು_ವೈರಿ
ಡಿಹ್ಯುಮಿಡಿಫೈಯರ್ ಇರೋರು ಯಾಕೆ ಇಟ್ಟಿದ್ದಾರೆ ಹೇಳಿ? ಬೂಷ್ಟಿಗೆ. ನಾನು ಹೇಳ್ತಾ ಇರೋದೂ ಅದೇ.

ಪೊನ್ನಂಪೇಟೆ_ತೋಟ
ಮೈಸೂರಿಗೆ ಹೋಗಿ ಬಂದೆ. ಅಯೊನೈಸ್ಡ್ ಕ್ಯಾಲ್ಸಿಯಂ ಕಡಿಮೆ ಇದೆ. ಎಕ್ಸ್‌ರೇಯಲ್ಲಿ ಲೋಹ ಕಾಣಲಿಲ್ಲ. ಇಂಜೆಕ್ಷನ್ ಕೊಟ್ಟರು, ನಡುಕ ಇಳಿದಿದೆ. ಬಾಯಿಗೆ ಕ್ಯಾಲ್ಸಿಯಂ-ಡಿ3 ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ಮಕ್ಕಳ ಡಿ3 ಡ್ರಾಪ್ಸ್ ಇದೆ, ಜೊತೆಗೆ ಅದನ್ನೂ ಎರಡು ಹನಿ ನೀರಿಗೆ ಹಾಕಲಾ? ಬೇಗ ಸರಿಯಾಗಲಿ ಅಂತ.

ಕುಶಾಲನಗರ_ಅಕ್ಕ
ಬೇಡ. ಡಿ3 ಹೆಚ್ಚಾದರೆ ಕಿಡ್ನಿಯಲ್ಲಿ ಸುಣ್ಣ ಕಟ್ಟುತ್ತೆ, ಅದು ವಾಪಸ್ ಬರಲ್ಲ. ಡಾಕ್ಟರ್ ಬರೆದ ಅಳತೆ ಮಾತ್ರ. ನೀರಿಗೆ ಹಾಕಿದರೆ ಎಷ್ಟು ಕುಡಿಯಿತು ಅಂತ ಯಾರಿಗೂ ಗೊತ್ತಾಗಲ್ಲ.

ಚಾಪ್ ತಿನ್ನಿಸೋದು ಹೀಗೆ. ಬೆಳಿಗ್ಗೆ ಹಸಿದಿದ್ದಾಗ ಮೊದಲು ಚಾಪ್, ಎರಡು ಗಂಟೆ ಇಟ್ಟು ತೆಗೆಯಿರಿ. ಸೂರ್ಯಕಾಂತಿ ಬಟ್ಟಲಲ್ಲಿ ಬೇಡ, ಚಾಪ್ ತಿಂದಾಗ ಕೈಯಿಂದ ನಾಲ್ಕೈದು ಕಾಳು. ಸಂಜೆ ನವಣೆ, ಸಾಮೆ ಸೇರಿ ಒಂದು ದೊಡ್ಡ ಚಮಚ. ಉಪವಾಸ ಹಾಕಿ ಹಠ ಮಾಡಬೇಡಿ. ದಿನಾ ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ ಅಡುಗೆ ತಕ್ಕಡಿಯಲ್ಲಿ ತೂಕ ನೋಡಿ. 408ರಿಂದ ಕೆಳಗೆ ಇಳಿಯುತ್ತಿದ್ದರೆ ಮೊದಲು ತಿನ್ನುತ್ತಿದ್ದ ಪೆಲೆಟ್ ಸ್ವಲ್ಪ ವಾಪಸ್ ತನ್ನಿ. ಬೈಯಬೇಡಿ, ಹಬ್ಬ ಮುಗಿಯುವವರೆಗೆ ಅಷ್ಟೆ, ಬಿಸಿಲು ಬಂದಮೇಲೆ ಮತ್ತೆ ಇಳಿಸಿ.

ಅಳತೆ: ಅರ್ಧ ಪಾಲು ಸೊಪ್ಪು-ತರಕಾರಿ, ಅದರಲ್ಲಿ ಬೇಯಿಸಿದ ಸಿಹಿಗುಂಬಳ ಅಥವಾ ಗೆಣಸು ದಿನಾ ಇರಲಿ, ವಿಟಮಿನ್ ಎಗೆ. ಕಾಲು ಪಾಲಿಗಿಂತ ತುಸು ಹೆಚ್ಚು ಮೊಳಕೆ ರಾಗಿ, ಹೆಸರುಕಾಳು, ಬೆಂದ ಕೆಂಪಕ್ಕಿ. ಅಲಸಂದೆ, ಅವರೆ, ರಾಜ್ಮಾ ಹಸಿಯಾಗಿ ಕೊಡಬಾರದು, ಪೂರ್ತಿ ಬೇಯಬೇಕು. ಉಳಿದದ್ದು ಹಣ್ಣು. ಪಪ್ಪಾಯ ಬಾಳೆಗಿಂತ ಮೇಲು. ಮೇಲೆ ಎರಡು ಪರಂಗಿ ಮೆಣಸು (ಸೂಜಿಮೆಣಸು) ಸೀಳಿ ಹಾಕಿ, ಹಕ್ಕಿಗೆ ಖಾರ ಗೊತ್ತಾಗಲ್ಲ, ಅದರ ಆಸೆಗೆ ಸೊಪ್ಪೂ ಒಳಗೆ ಹೋಗುತ್ತೆ. ಮೊಟ್ಟೆಚಿಪ್ಪು 10 ನಿಮಿಷ ಕುದಿಸಿ, ಬಾಣಲೆಯಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿ. ಔಷಧಿ ಮುಗಿದ ಮೇಲೆ ಡಾಕ್ಟರನ್ನು ಕೇಳಿಯೇ ದಿನಕ್ಕೆ ಒಂದು ಚಿಟಿಕೆ. ನಾನ್‌ಸ್ಟಿಕ್ ಬಾಣಲೆ ಬೇಡ, ಕಾದರೆ ಬರುವ ಹೊಗೆಗೇ ಹಕ್ಕಿ ಸಾಯುತ್ತೆ.

ನೀರು ಹಿಕ್ಕೆ: ನಡುವಿನ ಹಸಿರು ಸುರುಳಿ ಗಟ್ಟಿಯಾಗಿದ್ದು ಸುತ್ತ ನೀರಿದ್ದರೆ ಅದು ಹೆಚ್ಚಾಗಿ ಹಣ್ಣು-ತರಕಾರಿಯ ನೀರು. ಸುರುಳಿಯೇ ಕರಗಿದ್ದರೆ ಹೇಳಿ.

ಪೊನ್ನಂಪೇಟೆ_ತೋಟ
ಸುರುಳಿ ಗಟ್ಟಿ ಇದೆ. ಕಬ್ಬಿಣದ ಬಾಣಲೆಯಲ್ಲೇ ಮಾಡ್ತೀನಿ. ಹಬ್ಬ ಅಂದರೆ ಕೈಲ್ ಪೋಳ್ದೋ ಹುತ್ತರಿಯೋ?

ಕುಶಾಲನಗರ_ಅಕ್ಕ
ಹುತ್ತರಿ, ನವೆಂಬರ್-ಡಿಸೆಂಬರ್‌ನದು. ಕೈಲ್ ಪೋಳ್ದ್ ಹೊತ್ತಿನ ಸೆಪ್ಟೆಂಬರ್ ಬಿಸಿಲು ನಂಬಬೇಡಿ.

ವಿರಾಜಪೇಟೆ_ಬಜ್ಜಿ
ಇಲ್ಲೇ ಕೇಳ್ತೀನಿ, ನಮ್ಮ ಬಜ್ಜಿಗಳು (ಬಜರಿಗರ್ ಪುಟ್ಟ ಗಿಳಿಗಳು) ನವಣೆ ಬಿಟ್ಟು ಏನೂ ಮುಟ್ಟಲ್ಲ. ಆ ಡಿಹ್ಯುಮಿಡಿಫೈಯರ್ ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಲೀಟರ್ ನೀರು ಬರುತ್ತೆ?

ಅಮ್ಮತ್ತಿ_ಏವಿಯರಿ
ಫೋಟೋ ಹಾಕ್ತೀನಿ, ಅದರ ಮೇಲೇ ಬರೆದಿದೆ.

ಬೂಷ್ಟು_ವೈರಿ
ನವಣೆ ಡಬ್ಬದಲ್ಲಿ ಜೇಡರಬಲೆ ಥರ ಏನಾದರೂ ಇದೆಯಾ ನೋಡಿ ಮೊದಲು.