ಕೆಲಸ ಬಿಟ್ಟು ಎಂ.ಡೆಸ್‌ಗೆ ಹೋಗಬೇಕಾ? ರಾಯಚೂರಿನಿಂದ ಒಂದು ಪ್ರಶ್ನೆ

ಯರಮರಸ್ ಹುಡುಗ: ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಬಿ.ಇ. ಮುಗಿಸಿ ರಾಯಚೂರಿನಲ್ಲೇ ಒಂದು ಪ್ಯಾಕೇಜಿಂಗ್ ಘಟಕದಲ್ಲಿ ಕೆಲಸಕ್ಕಿದ್ದೇನೆ. ಅಕ್ಷರ, ಚಿತ್ರ, ಪೋಸ್ಟರ್ ಅಂದ್ರೆ ಮೊದಲಿಂದಲೂ ಹುಚ್ಚು. ಕಮ್ಯುನಿಕೇಶನ್ ಡಿಸೈನ್‌ನಲ್ಲಿ ಎಂ.ಡೆಸ್ (ಡಿಸೈನ್‌ನ ಸ್ನಾತಕೋತ್ತರ ಪದವಿ) ಮಾಡುವ ಆಸೆ ಇದೆ. ಅಪ್ಪ ಒಪ್ಪುತ್ತಿಲ್ಲ. ಎರಡು ವರ್ಷ ಸಂಬಳ ಬಿಟ್ಟು ಹೋಗುವುದು ಸರಿನಾ? ಓದಿದವರು, ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.

ತೀನ್ ಕಂದೀಲ್ ಡಿಟಿಪಿ: ತಮ್ಮಾ, ನಿಮ್ಮಪ್ಪ ಹೇಳುವುದೇ ಸರಿ. ಕೋರೆಲ್, ಫೋಟೋಶಾಪ್, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಬಂದರೆ ನಮ್ಮೂರಲ್ಲಿ ಕೈತುಂಬ ಕೆಲಸ ಇದೆ. ಮದುವೆ ಪತ್ರಿಕೆ, ಬ್ಯಾನರ್, ಬಿಲ್ ಬುಕ್, ಅಕ್ಕಿ ಚೀಲ. ಗಿರಾಕಿ ಬಂದವನು ಇವತ್ತೇ ಬೇಕು ಅಂತಾನೆ, ನಿನ್ನ ಡಿಗ್ರಿ ಕೇಳುವುದಿಲ್ಲ. ಅಕ್ಕಿ ಚೀಲ ಮಾಡೋಕೆ ಎಂ.ಡೆಸ್ ಯಾಕೆ?

ಸಂಡೂರಿನವಳು: "ಅಕ್ಕಿ ಚೀಲ ಮಾಡೋಕೆ ಎಂ.ಡೆಸ್ ಯಾಕೆ" ಅಂದ್ರಲ್ಲ ಅಣ್ಣಾ, ಚೀಲದಿಂದಲೇ ಶುರು ಮಾಡೋಣ. ನಾನು ಈ ಕೋರ್ಸ್ ಓದಿದವಳು. ನೇಯ್ದ ಪ್ಲಾಸ್ಟಿಕ್ ಚೀಲದ ಮೇಲೆ ಮಸಿ ಹರಡುತ್ತೆ. ಇಂಗ್ಲಿಷ್ ದೊಡ್ಡಕ್ಷರ ಅದನ್ನು ತಡೆದುಕೊಳ್ಳುತ್ತೆ. ಕನ್ನಡದ ಒತ್ತಕ್ಷರ ತಡೆಯಲ್ಲ. "ಉತ್ತಮ ಗುಣಮಟ್ಟ" ಅಂತ ಛಾಪಿಸಿದ ಒಂದು ಚೀಲ ನಮ್ಮ ಅಡುಗೆಮನೆಯಲ್ಲೇ ಇದೆ. ತ ಒತ್ತು, ಟ ಒತ್ತು ಎರಡೂ ತುಂಬಿಹೋಗಿ ಕಪ್ಪು ಚುಕ್ಕೆ ಆಗಿವೆ. ಅದರ ಕೆಳಗಿನ ಸಾಲು ಒತ್ತಿಗೆ ತಾಗಿಕೊಂಡೇ ಬಂದಿದೆ. ಕಾರಣ ಸರಳ. ಮೊದಲು ಇಂಗ್ಲಿಷಿಗೆ ಲೇಔಟ್ ಮಾಡಿ, ಅದೇ ಜಾಗಕ್ಕೆ ಕನ್ನಡ ತುರುಕಿದ್ದಾರೆ. ಒತ್ತಿಗೆ ಸಾಲಿನ ಕೆಳಗೆ ಎಷ್ಟು ಜಾಗ ಬೇಕು, ಈ ಚೀಲಕ್ಕೆ ಎಷ್ಟು ದಪ್ಪದ ಅಕ್ಷರ ಬೇಕು, ಇದನ್ನು ಕೂತು ಕಲಿಯುವುದೇ ಕಮ್ಯುನಿಕೇಶನ್ ಡಿಸೈನ್. ಕೋರೆಲ್ ಬರೀ ಸಲಕರಣೆ. ಗಿರಾಕಿಗೆ ಓದೋಕೆ ಆಗದ ಚೀಲ ಯಾಕೆ ಬೇಕು?

ಗಂಗಾವತಿ ರೈಸ್: "ಗಿರಾಕಿಗೆ ಓದೋಕೆ ಆಗದ"? ಅಕ್ಕಾ, ಗಿರಾಕಿ ಚೀಲ ಓದುವುದಿಲ್ಲ, ಅಕ್ಕಿ ನೋಡುತ್ತಾನೆ. ಚೀಲ ಬಿಚ್ಚಿ, ಅಂಗೈ ಮೇಲೆ ಹಾಕಿಕೊಂಡು, ನುಚ್ಚು ಎಷ್ಟಿದೆ ನೋಡಿ, ಆಮೇಲೆ ರೇಟು. ನಮ್ಮ ಮನೆಯದು ಮಿಲ್ಲು, ದಿನಾ ನೋಡುತ್ತೇನೆ. ಇನ್ನು ಈಗ ನಯವಾದ ಪ್ಲಾಸ್ಟಿಕ್ ಪದರ ಹಚ್ಚಿದ ಬಿಒಪಿಪಿ ಚೀಲ ಬಂದಿವೆ, ಫೋಟೋ ಥರ ಪ್ರಿಂಟ್ ಬರುತ್ತೆ, ನಿಮ್ಮ ಮಸಿ ಹರಡುವ ಕಥೆ ಹಳೆಯದಾಯಿತು. ಚೀಲದ ಮೇಲೆ ಗಿರಾಕಿ ನೋಡುವುದು ಒಂದೇ. 26 ಕೆಜಿ ಅಂತ ಇದೆಯಾ ಇಲ್ವಾ.

ಕುಷ್ಟಗಿ ಲೆಕ್ಕ: 26 ಕೆಜಿ ಅಂತ ಹೆಮ್ಮೆಯಿಂದ ಹೇಳುತ್ತೀರಲ್ಲ ಸರ್. ಅದು ಗಿರಾಕಿಗೋಸ್ಕರ ಬಂದದ್ದಲ್ಲ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂತು. ಅದರಿಂದ ತಪ್ಪಿಸಿಕೊಳ್ಳೋಕೆ ಚೀಲಕ್ಕೆ ಒಂದು ಕೆಜಿ ಜಾಸ್ತಿ ಹಾಕಿದಿರಿ. ಅಷ್ಟೇ.

ಗಂಗಾವತಿ ರೈಸ್: "ತಪ್ಪಿಸಿಕೊಳ್ಳೋಕೆ" ಅನ್ನುವ ಮಾತು ವಾಪಸ್ ತಗೊಳ್ರಿ. ಕಾನೂನೇ 25 ಕೆಜಿಗೆ ಗೆರೆ ಹಾಕಿದೆ. ಗೆರೆಯ ಆಚೆ ನಿಂತವನು ಕಳ್ಳ ಹೆಂಗಾಗುತ್ತಾನೆ? ಆ ಶೇ. 5 ಕೊಟ್ಟಿದ್ದರೆ ಯಾರ ಜೇಬಿನಿಂದ ಹೋಗುತ್ತಿತ್ತು? ಗಿರಾಕಿ ಜೇಬಿನಿಂದ. ನಾವು ಬಡವರ ಪರವಾಗಿಯೇ ಮಾಡಿದ್ದು.

ಕುಷ್ಟಗಿ ಲೆಕ್ಕ: "ಬಡವರ ಪರ"? ಬಡವರು 5 ಕೆಜಿ, 10 ಕೆಜಿ ಕೊಳ್ಳುತ್ತಾರೆ ಸರ್. ಆ ಚೀಲಕ್ಕೆ ತೆರಿಗೆ ಇದ್ದೇ ಇದೆ. 26 ಕೆಜಿ ಒಂದೇ ಸಲ ಎತ್ತಿಕೊಂಡು ಹೋಗುವವರಿಗೆ ಮಾತ್ರ ಉಳಿತಾಯ. ಇದು ಹೊಸದೂ ಅಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ನೋಂದಾಯಿತ ಬ್ರಾಂಡ್ ಇದ್ದ ಪ್ಯಾಕ್ ಅಕ್ಕಿಗೆ ಶೇ. 5 ಇತ್ತು. ಆ ತೆರಿಗೆ ಬೇಡ ಅಂತ ಆಗ ಎಷ್ಟೋ ಮಿಲ್ಲಿನವರು ಬ್ರಾಂಡ್ ಹಕ್ಕನ್ನೇ ಬಿಟ್ಟುಕೊಟ್ಟರು. ಹಕ್ಕು ಬಿಟ್ಟಿದ್ದೇವೆ ಅಂತ ಚೀಲದ ಮೇಲೆ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಅಳಿಸದ ಮಸಿಯಲ್ಲಿ ಛಾಪಿಸಬೇಕು ಅಂತ ನಿಯಮ ಇತ್ತು. ನೆನಪಿದೆಯಾ?

ಸಂಡೂರಿನವಳು: "ಸ್ಥಳೀಯ ಭಾಷೆಯಲ್ಲೂ" ಅಂದ್ರಲ್ಲ, ಅದನ್ನೇ ಹಿಡಿದುಕೊಳ್ಳಿ. ಒಬ್ಬ ವ್ಯಾಪಾರಿ ತನ್ನ ಹಕ್ಕು ಬಿಡುತ್ತಿದ್ದಾನೆ. ಅದನ್ನು ಜನರಿಗೆ ತಿಳಿಸು ಅಂತ ಸರ್ಕಾರ ಹೇಳುತ್ತೆ. ನಾನು ನೋಡಿದ ಚೀಲಗಳಲ್ಲಿ ಆ ಕನ್ನಡ ಸಾಲು ಹೊಲಿಗೆಯ ಒಳಗೆ ಅರ್ಧ ಹೋಗಿತ್ತು. ನಿಯಮ ಪಾಲಿಸಿದ ಹಾಗೂ ಆಯಿತು, ಯಾರಿಗೂ ತಿಳಿಯದ ಹಾಗೂ ಆಯಿತು. ಬಿಒಪಿಪಿಯಲ್ಲಿ ಎಷ್ಟು ಚಂದ ಪ್ರಿಂಟ್ ಬಂದರೂ ಸಾಲು ಎಲ್ಲಿಡಬೇಕು ಅನ್ನುವುದನ್ನು ಮಷಿನ್ ಹೇಳಿಕೊಡಲ್ಲ.

ತೀನ್ ಕಂದೀಲ್ ಡಿಟಿಪಿ: "ಹೊಲಿಗೆಯ ಒಳಗೆ" ಹೋಗಿದ್ದು ನಮ್ಮ ತಪ್ಪಾ? ವಕೀಲರು ಉದ್ದನೆಯ ವಾಕ್ಯ ಬರೆದುಕೊಡುತ್ತಾರೆ. ಮಿಲ್ಲಿನವರು ದೇವರ ಫೋಟೋ ಸಣ್ಣದು ಮಾಡಬೇಡ ಅಂತಾರೆ. ಉಳಿದ ಜಾಗ ಅಂಚಿನಲ್ಲಿ ಮಾತ್ರ. ಓದಿಕೊಂಡವರು ಬಂದು ಬೈಯುವುದು ಸುಲಭ. ರಾತ್ರಿ ಹತ್ತು ಗಂಟೆಗೆ ಚೀಲ ಛಾಪಿಸುವ ಬ್ಲಾಕ್ ಮಾಡುವವರು ಫೋನ್ ಮಾಡಿದಾಗ ಕೂತು ಕೆಲಸ ಮಾಡುವವರು ನಾವು. ಎಂ.ಡೆಸ್‌ನವರು ಯಾರೂ ರಾಯಚೂರಿನ ತೀನ್ ಕಂದೀಲಿನಲ್ಲಿ ಅಂಗಡಿ ಇಟ್ಟಿದ್ದನ್ನು ನಾನು ನೋಡಿಲ್ಲ.

ಯರಮರಸ್ ಹುಡುಗ: ಅಣ್ಣಾ, ಅಕ್ಕಾ, ಪ್ರವೇಶ ಪರೀಕ್ಷೆ ಬಗ್ಗೆಯೂ ಕೇಳಬೇಕಿತ್ತು. ಇಂಜಿನಿಯರಿಂಗ್ ಓದಿದವನಿಗೆ ಸೀಟು ಸಿಗುತ್ತಾ?

ಸಿರುಗುಪ್ಪ ಮೇಷ್ಟ್ರು: ಯಾಕೆ ಸಿಗಲ್ಲ? ನಾವು ಕಲ್ಯಾಣ ಕರ್ನಾಟಕದವರು. ಸಂವಿಧಾನದಲ್ಲಿ ನಮ್ಮ ಭಾಗಕ್ಕೆ ಮೀಸಲಾತಿ ಕೊಟ್ಟ 371ಜೆ ವಿಧಿಯ ಸರ್ಟಿಫಿಕೇಟ್ ಮಾಡಿಸಿಕೋ, ಎನ್‌ಐಡಿಯಲ್ಲಿ (ಕೇಂದ್ರದ ಡಿಸೈನ್ ಸಂಸ್ಥೆ) ಸೀಟು ಸಲೀಸು. ಹೋರಾಟ ಮಾಡಿ ತಂದ ಸೌಲಭ್ಯ, ಬಳಸಿಕೊಳ್ಳಬೇಕು.

ಸಂಡೂರಿನವಳು: ಮೇಷ್ಟ್ರೇ, "371ಜೆ" ಎನ್‌ಐಡಿಗೂ ಇಲ್ಲ, ಐಐಟಿಗೂ ಇಲ್ಲ. ಅದು ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಕೇಂದ್ರದ ಸಂಸ್ಥೆಗಳಿಗೆ ಕೇಂದ್ರದ ಮೀಸಲಾತಿ ಮಾತ್ರ. ಒಬಿಸಿ ಆದರೆ ಅದಕ್ಕೆ ಕೇಂದ್ರದ ನಮೂನೆಯ ಸರ್ಟಿಫಿಕೇಟ್ ಬೇರೆ ಮಾಡಿಸಬೇಕು. ಹುಡುಗನಿಗೆ ತಪ್ಪು ದಾರಿ ತೋರಿಸಬೇಡಿ.

ತಮ್ಮಾ, ಐಐಟಿಗಳಿಗೆ ಸಿಇಇಡಿ ಅಂತ ಪರೀಕ್ಷೆ, ಐಐಟಿ ಬಾಂಬೆ ನಡೆಸುತ್ತೆ, ಜನವರಿಯಲ್ಲಿ. ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಒಂದು ಭಾಗ ಕಂಪ್ಯೂಟರ್ ಮೇಲೆ, ಇನ್ನೊಂದು ಭಾಗ ಕಾಗದದ ಮೇಲೆ ಚಿತ್ರ, ಯೋಚನೆ. ಅದರ ಸ್ಕೋರ್ ಒಂದೇ ಸಾಲದು, ಆಮೇಲೆ ಪೋರ್ಟ್‌ಫೋಲಿಯೋ (ನೀನು ಮಾಡಿದ ಕೆಲಸಗಳ ಸಂಗ್ರಹ), ಸಂದರ್ಶನ ಇರುತ್ತೆ. ಎನ್‌ಐಡಿಗೆ ಬೇರೆ ಪರೀಕ್ಷೆ, ಡಿಎಟಿ ಅಂತ. ಬೆಂಗಳೂರಿನ ಎನ್‌ಐಡಿಯಲ್ಲಿ ಇನ್‌ಫರ್ಮೇಶನ್ ಡಿಸೈನ್ ಇದೆ, ಅದನ್ನೂ ನೋಡು. ಇಂಜಿನಿಯರ್ ಅಂತ ಹೆದರಬೇಡ. ರೂಪಾಯಿ ಚಿಹ್ನೆ ಮಾಡಿದ ಉದಯ ಕುಮಾರ್ ಮೊದಲು ಆರ್ಕಿಟೆಕ್ಚರ್ ಓದಿದವರು. ಆಮೇಲೆ ಐಐಟಿ ಬಾಂಬೆಯ ಐಡಿಸಿ ಅನ್ನುವ ಡಿಸೈನ್ ವಿಭಾಗದಲ್ಲಿ ಓದಿದರು. 2010ರಲ್ಲಿ ದೇಶವೇ ಅವರ ಗೆರೆ ಒಪ್ಪಿಕೊಂಡಿತು.

ತೀನ್ ಕಂದೀಲ್ ಡಿಟಿಪಿ: "ದೇಶವೇ ಒಪ್ಪಿಕೊಂಡಿತು" ಅಂತ ಕೋಟಿಗೊಬ್ಬರ ಹೆಸರು ಹೇಳುತ್ತೀರಿ. ಉಳಿದವರು ಏನು ಮಾಡುತ್ತಿದ್ದಾರೆ? ಬೆಂಗಳೂರಿನಲ್ಲಿ ಕೂತು ಆ್ಯಪಿನ ಬಟನ್‌ಗೆ ಬಣ್ಣ ಹಚ್ಚುತ್ತಿದ್ದಾರೆ. ಕನ್ನಡಕ್ಕೆ ಏನು ಮಾಡಿದ್ದಾರೆ ಅದನ್ನು ಹೇಳಿ.

ಸಂಡೂರಿನವಳು: "ಕನ್ನಡಕ್ಕೆ ಏನು" ಅಂತ ಕೇಳಿದ್ರಿ. ವಿಂಡೋಸ್‌ನಲ್ಲಿ ಬರುವ ತುಂಗಾ ಫಾಂಟ್ ನೋಡಿದ್ದೀರಲ್ವಾ? ಅದು ಆರ್. ಕೆ. ಜೋಶಿ ಅವರ ಕೆಲಸ. ಅವರು ಅದೇ ಐಡಿಸಿಯಲ್ಲಿ ಪಾಠ ಮಾಡಿದವರು. 2022ರಲ್ಲಿ ಅನೇಕ್ ಕನ್ನಡ ಬಂತು, ಮುಂಬೈನ ಏಕ್ ಟೈಪ್‌ನವರು ಮಾಡಿದ್ದು. ತೆಳುವಿನಿಂದ ಹಿಡಿದು ತೀರಾ ದಪ್ಪದವರೆಗೆ ಇದೆ, ದುಡ್ಡೂ ಕೊಡಬೇಕಿಲ್ಲ. ಅಕ್ಷರ ಓದಿಕೊಂಡವರು ಮಾಡಿಟ್ಟಿದ್ದಾರೆ. ನೀವು ಇನ್ನೂ ಹಳೇ ನುಡಿಯಲ್ಲೇ ಟೈಪ್ ಮಾಡಿ ಕಳಿಸುತ್ತೀರಿ. ಮೊಬೈಲಿನಲ್ಲಿ ತೆರೆದರೆ ಬರೀ ಗೀಚು.

ತೀನ್ ಕಂದೀಲ್ ಡಿಟಿಪಿ: "ಹಳೇ ನುಡಿ" ಅಂತ ಹಗುರವಾಗಿ ಮಾತಾಡಬೇಡಿ ಅಕ್ಕಾ. ನುಡಿ ಇಲ್ಲದಿದ್ದರೆ ನಮ್ಮ ಜಿಲ್ಲೆಯಲ್ಲಿ ಒಂದು ಕನ್ನಡ ಕರಪತ್ರವೂ ಬರುತ್ತಿರಲಿಲ್ಲ. ನಮ್ಮ ಹಳೇ ಕೋರೆಲ್‌ಗೆ ಯೂನಿಕೋಡ್, ಅಂದ್ರೆ ಮೊಬೈಲಿನಲ್ಲೂ ಸರಿ ಕಾಣುವ ಅಕ್ಷರ, ಹಾಕಿದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಹೊಸದು ಕೊಳ್ಳೋಕೆ ದುಡ್ಡು ಯಾರು ಕೊಡುತ್ತಾರೆ?

ಸಿರುಗುಪ್ಪ ಮೇಷ್ಟ್ರು: "ತಪ್ಪು ದಾರಿ" ಅಂದಿದ್ದು ನನಗೆ ನೋವಾಗಿದೆ. ನಾನು ಹೇಳಿದ್ದು 371ಜೆಯ ಆಶಯ. ನಮ್ಮ ಭಾಗಕ್ಕೆ ಅನ್ಯಾಯ ಆಗಬಾರದು ಅನ್ನುವುದು. ಸಿಇಇಡಿ ಇಂಗ್ಲಿಷಿನಲ್ಲಿ ಮಾತ್ರ ಇದೆ, ಅದನ್ನು ಯಾಕೆ ಹೇಳಲಿಲ್ಲ ನೀವು? ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಎಲ್ಲಿಗೆ ಹೋಗಬೇಕು? ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮರದ ಬೊಂಬೆ ಮಾಡುವ ಚಿತ್ರಗಾರರ ಮನೆಯ ಹುಡುಗರ ಕೈಯಲ್ಲಿ ಇರುವ ಬಣ್ಣದ ತಿಳಿವಳಿಕೆ ಯಾವ ಐಐಟಿಯಲ್ಲೂ ಸಿಗಲ್ಲ. ಆ ಬೊಂಬೆಗೆ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆ, ಆ ಹುಡುಗರಿಗೆ ಸೀಟು ಸಿಕ್ಕಿದೆಯಾ? ಕೊಪ್ಪಳದಲ್ಲೋ ಬಳ್ಳಾರಿಯಲ್ಲೋ ಕನ್ನಡದಲ್ಲಿ ಕಲಿಸುವ ಒಂದು ಡಿಸೈನ್ ಕಾಲೇಜು ಬೇಕು. ಬಳ್ಳಾರಿಯ ಜೀನ್ಸ್‌ಗೂ ಅದೇ ಗತಿ. ಹೊಲಿಯುವವರು ನಮ್ಮವರು, ಲೇಬಲ್ ಮಾತ್ರ ಬೇರೆಯವರದು.

ಗಂಗಾವತಿ ರೈಸ್: ಲೇಬಲ್ ವಿಷಯಕ್ಕೆ ಮತ್ತೆ ಬಂದ್ರಲ್ಲ. ಕುಷ್ಟಗಿಯವರು ನನಗೆ ಇನ್ನೂ ಉತ್ತರ ಕೊಟ್ಟಿಲ್ಲ. ಕಾನೂನಿನ ಪ್ರಕಾರ ನಡೆದವನಿಗೆ ತಪ್ಪಿಸಿಕೊಂಡ ಅನ್ನಬಹುದಾ?

ಕುಷ್ಟಗಿ ಲೆಕ್ಕ: ಕಾನೂನಿನ ಪ್ರಕಾರ ತಪ್ಪಿಲ್ಲ ಅಂತ ನಾನೂ ಹೇಳುತ್ತೇನೆ. ಬಡವರ ಹೆಸರು ಹೇಳಬೇಡಿ ಅಂತಷ್ಟೇ ನನ್ನ ಮಾತು.

ಯರಮರಸ್ ಹುಡುಗ: ಅಕ್ಕಾ, ಪೋರ್ಟ್‌ಫೋಲಿಯೋದಲ್ಲಿ ಏನು ಇಡಬೇಕು? ನನ್ನ ಹತ್ತಿರ ಪೆನ್ಸಿಲ್ ಸ್ಕೆಚ್ ಮಾತ್ರ ಇವೆ.

ಸಂಡೂರಿನವಳು: ಸಿನಿಮಾ ನಟರ ಪೆನ್ಸಿಲ್ ಸ್ಕೆಚ್ ಆದರೆ ಒಂದೆರಡು ಸಾಕು. ನಿನ್ನ ಘಟಕದಲ್ಲೇ ಕೆಟ್ಟದಾಗಿ ಬಂದ ಒಂದು ಚೀಲ ತಗೋ. ಎಲ್ಲಿ ಮಸಿ ತುಂಬಿದೆ, ಎಲ್ಲಿ ಸಾಲು ತಾಗಿದೆ, ಫೋಟೋ ತೆಗಿ. ಅಕ್ಷರದ ದಪ್ಪ, ಸಾಲಿನ ಅಂತರ ಬದಲಿಸಿ ಮತ್ತೆ ಪ್ರಿಂಟ್ ಹಾಕಿಸು. ಅದು ಕೆಟ್ಟರೆ ಅದನ್ನೂ ಇಡು. ಅಂಗಡಿಯಲ್ಲಿ ನಿಂತು ಹೆಂಗಸರು, ಮುದುಕರು ಯಾವುದನ್ನು ಬೇಗ ಓದುತ್ತಾರೆ ನೋಡಿ ಬರೆದುಕೋ. ಸಂದರ್ಶನದಲ್ಲಿ ಅವರು ಕೇಳುವುದು ಹೇಗೆ ಯೋಚನೆ ಮಾಡಿದೆ ಅಂತ. ಸಿಇಇಡಿ ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಶುರು. ಅಲ್ಲಿವರೆಗೆ ಕೆಲಸ ಬಿಡಬೇಡ.

ತೀನ್ ಕಂದೀಲ್ ಡಿಟಿಪಿ: "ಕೆಲಸ ಬಿಡಬೇಡ." ಇದನ್ನೇ ನಾನು ಮೊದಲನೇ ಕಾಮೆಂಟಿನಲ್ಲಿ ಹೇಳಿದ್ದು.

ಸಂಡೂರಿನವಳು: ನೀವು ಹೇಳಿದ್ದು ಹೋಗಲೇಬೇಡ ಅಂತ. ನಾನು ಹೇಳುತ್ತಿರುವುದು ಸೀಟು ಸಿಗುವವರೆಗೆ ಬಿಡಬೇಡ ಅಂತ. ಎರಡೂ ಒಂದೇ ಅಲ್ಲ.

ಗಂಗಾವತಿ ರೈಸ್: ತಮ್ಮಾ, ಕೆಟ್ಟ ಚೀಲ ಬೇಕಾದರೆ ನಮ್ಮ ಮಿಲ್ಲಿಗೆ ಬಾ, ಕೊಡುತ್ತೇನೆ. ಆದರೆ ಫೋಟೋದಲ್ಲಿ ನಮ್ಮ ಹೆಸರು ಕಾಣಬಾರದು. ಮತ್ತೆ, ಅವರೇ "ತಪ್ಪಿಲ್ಲ" ಅಂತ ಬರೆದಿದ್ದಾರೆ, ಎಲ್ಲರೂ ಓದಿಕೊಳ್ಳಿ.

ಕುಷ್ಟಗಿ ಲೆಕ್ಕ: ಪೂರ್ತಿ ಓದ್ರಿ ಸರ್. ಅದರ ಮುಂದಿನ ಸಾಲೂ ಇದೆ.